ಕುಡಿತ ಬಿಡಿಸಲು ಮನೆಯಿಂದ ದೂರ ಕಳಿಸಲೇಬೇಕೆಂದಿಲ್ಲ

ಮನೆಯಲ್ಲೊಬ್ಬರ ಕುಡಿತ ಕೈಮೀರಿದೆ ಎಂದು ಗೊತ್ತಾದಾಗ, ಹೊಸದಾಗಿ ಅಮೆರಿಕಕ್ಕೆ ಬಂದ ನಮ್ಮ ಕುಟುಂಬಗಳು ಸಾಮಾನ್ಯವಾಗಿ ಎರಡರಲ್ಲೊಂದು ಮಾಡುತ್ತವೆ. ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಂಡು ದಿನ ದೂಡುತ್ತವೆ. ಇಲ್ಲವೇ ಸಾಲ ಮಾಡಿಯಾದರೂ ಒಂದು ತಿಂಗಳು ರಿಹ್ಯಾಬ್‌ಗೆ ಸೇರಿಸುವ ಮಾತು ತೆಗೆಯುತ್ತವೆ. ಇವೆರಡರ ನಡುವೆ ಎಷ್ಟೋ ದಾರಿಗಳಿವೆ, ಹೆಚ್ಚಿನವರಿಗೆ ಬೇಕಾಗುವುದೂ ಆ ನಡುವಿನ ದಾರಿಗಳೇ.

ನಾನು ಕೊಪ್ಪಳದ ಹತ್ತಿರದ ಕಿನ್ನಾಳದವಳು. ನಮ್ಮೂರ ಚಿತ್ರಗಾರರ ಮನೆಗಳಲ್ಲಿ ಗೊಂಬೆ ಕೆಲಸಕ್ಕೆ ಮನೆಮಂದಿಯೆಲ್ಲ ಕೂಡುತ್ತಾರೆ. ಒಬ್ಬರು ಹಗುರ ಮರ ಕೆತ್ತುತ್ತಾರೆ, ಒಬ್ಬರು ಹುಣಸೆ ಬೀಜದ ಅಂಟು ಮಾಡುತ್ತಾರೆ, ಇನ್ನೊಬ್ಬರು ಬಣ್ಣ ಹಚ್ಚುತ್ತಾರೆ. ಅಂಥಲ್ಲಿ ಒಬ್ಬರ ಕೈ ನಡುಗಿದರೆ ಅವತ್ತೇ ಎಲ್ಲರ ಕಣ್ಣಿಗೆ ಬೀಳುತ್ತದೆ, ಸಂಜೆಯೊಳಗೆ ಓಣಿಗೂ ಮುಟ್ಟುತ್ತದೆ. ಇಲ್ಲಿ ಬೇಸ್‌ಮೆಂಟಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತವರ ಕೈ ಯಾರಿಗೆ ಕಾಣಬೇಕು? ರೀಸೈಕ್ಲಿಂಗ್ ಡಬ್ಬಿ ಬೇಗ ಬೇಗ ತುಂಬುವುದು ಹೆಂಡತಿಗೊಬ್ಬಳಿಗೇ ಗೊತ್ತು. ಆಕೆ ಕೊನೆಗೊಮ್ಮೆ ಕನ್ನಡ ಕೂಟದ ಯಾರಿಗಾದರೂ ಫೋನ್ ಮಾಡಿದರೆ ಮೊದಲ ಮಾತೇ, “ಅಕ್ಕಾರ, ಯಾರ ಮುಂದೂ ಹೇಳಬ್ಯಾಡ್ರಿ.”

ನಮ್ಮ ಕಡೆ ಕುಡಿತ ಬಿಡಿಸುವ ಕೆಲಸ ನಡೆದದ್ದೇ ಎಲ್ಲರ ಮುಂದೆ. ಕುಷ್ಟಗಿ ದಾಟಿದರೆ ಇಳಕಲ್. ಅಲ್ಲಿನ ಮಠದ ಡಾ. ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಊರೂರು, ಕೇರಿ ಕೇರಿ ತಿರುಗಿದರು. ಕಾಳುಕಡಿ ಕೇಳಲಿಲ್ಲ, ರೊಕ್ಕ ಕೇಳಲಿಲ್ಲ. ಜನರ ಚಟಗಳನ್ನು ಭಿಕ್ಷೆ ಕೇಳಿದರು. ಮನೆಯವರು, ನೆರೆಯವರು ನೋಡುತ್ತಿರುವಾಗಲೇ ಜನ ಆ ಜೋಳಿಗೆಯ ಮುಂದೆ ನಿಂತು ಮಾತು ಕೊಟ್ಟರು. ಶಿವಯೋಗಿಗಳು 2018ರಲ್ಲಿ ಲಿಂಗೈಕ್ಯರಾದರು; ಅವರು ಹುಟ್ಟಿದ ಆಗಸ್ಟ್ 1 ಈಗ ಕರ್ನಾಟಕದಲ್ಲಿ ವ್ಯಸನಮುಕ್ತ ದಿನ.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳನ್ನೂ ನಮ್ಮ ಜಿಲ್ಲೆಯವರು ಬಲ್ಲರು. ಊರಿನ ಕಲ್ಯಾಣ ಮಂಟಪವೋ ಸಮುದಾಯ ಭವನವೋ 8 ದಿನ ಶಿಬಿರವಾಗುತ್ತದೆ. ಅಡುಗೆ, ವ್ಯವಸ್ಥೆಗೆ ಊರವರೇ ನಿಲ್ಲುತ್ತಾರೆ. ಆರೋಗ್ಯ ತಪಾಸಣೆ, ಆಪ್ತ ಸಲಹೆ, ಯೋಗ, ಭಜನೆ ಎಲ್ಲ ಇರುತ್ತವೆ, ಮನೆಯವರನ್ನೂ ಕರೆಸಿ ಕೂರಿಸಿ ಮಾತಾಡಿಸುತ್ತಾರೆ. ನನಗೆ ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಒಂಬತ್ತನೆಯ ದಿನ. ಶಿಬಿರ ಮುಗಿಸಿದವರು ನವಜೀವನ ಸಮಿತಿ ಎಂಬ ಗುಂಪು ಕಟ್ಟಿಕೊಂಡು ತಮ್ಮೂರಲ್ಲೇ ಮತ್ತೆ ಮತ್ತೆ ಸೇರುತ್ತಾರೆ. ಒಬ್ಬ ಸಭೆಗೆ ಬರಲಿಲ್ಲವೆಂದರೆ ಇನ್ನೊಬ್ಬ ಮನೆಗೆ ಹೋಗಿ ಕೇಳುತ್ತಾನೆ.

ಹಾಗಾಗಿ ಇಲ್ಲಿ ಯಾವ ಚಿಕಿತ್ಸೆ ಆರಿಸುವಾಗಲೂ ಕಟ್ಟಡ ಎಷ್ಟು ಚೆನ್ನಾಗಿದೆ ಎಂದು ನೋಡಬೇಡಿ. ಮುಗಿಸಿ ಮನೆಗೆ ಬಂದ ಮೇಲಿನ ಆರು ತಿಂಗಳು ಯಾರು ವಾರವಾರ ವಿಚಾರಿಸುತ್ತಾರೆ ಎಂದು ಕೇಳಿ. ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ. ನೂರಕ್ಕೆ ತೊಂಬತ್ತು ಮಂದಿ ಗುಣವಾಗುತ್ತಾರೆ ಎಂದು ಭರವಸೆ ಕೊಡುವವರನ್ನಂತೂ ನಂಬಬೇಡಿ.

ಎಲ್ಲಕ್ಕೂ ಮೊದಲು ಒಂದು ಎಚ್ಚರಿಕೆ, ಇದು ಪ್ರಾಣದ ವಿಷಯ. ದಿನಾ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ವಾಂತಿ ಶುರುವಾಗಬಹುದು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು-ಮೂರನೆಯ ದಿನ ಇಲ್ಲದ್ದು ಕಾಣುವುದು, ಬಡಬಡಿಸುವುದು, ಮೈ ಸುಡುವುದು ಆದರೆ ಜೀವಕ್ಕೇ ಅಪಾಯ. ಊರಿಂದ ಮೊಮ್ಮಗುವನ್ನು ನೋಡಲು ಬಂದ ಹಿರಿಯರಲ್ಲಿ ಇದನ್ನು ಯಾರೂ ಊಹಿಸುವುದಿಲ್ಲ. ಊರಲ್ಲಿ ದಿನಾ ಸಂಜೆ ಒಂದು ಕ್ವಾರ್ಟರ್ ರೂಢಿ. ಮಗನ ಮನೆಯಲ್ಲಿ ಬಾಟಲಿಯೇ ಇಲ್ಲ, ಕೇಳಲು ನಾಚಿಕೆ. ಮರುದಿನ ಉಪ್ಪಿಟ್ಟಿನ ಚಮಚ ಬಾಯಿಗೆ ಹೋಗುವುದರೊಳಗೆ ಅರ್ಧ ಚೆಲ್ಲುತ್ತದೆ, ರಾತ್ರಿ ನಿದ್ದೆ ಇಲ್ಲ. ಮನೆಯವರು ಜೆಟ್ ಲ್ಯಾಗ್ ಅಂದುಕೊಳ್ಳುತ್ತಾರೆ. ಅಂದುಕೊಳ್ಳಬೇಡಿ. ಟಿಕೆಟ್ ಮಾಡಿಸುವ ಮೊದಲೇ ಅಪ್ಪನನ್ನೋ ಮಾವನನ್ನೋ ಸಮಾಧಾನದಿಂದ ಕೇಳಿ, ಅಲ್ಲಿಯ ಡಾಕ್ಟರಿಗೆ ತೋರಿಸಿ. ಇಲ್ಲಿ ಬಂದ ಮೇಲೆ ನಡುಕ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ಫಿಟ್ಸ್ ಬಂದರೆ, ಗೊಂದಲವಾಗಿ ಮಾತಾಡಿದರೆ 911. ಹಿಂದೆ ಒಮ್ಮೆ ಹೀಗೆ ಫಿಟ್ಸ್ ಬಂದವರು ಮನೆಯಲ್ಲಿ ತಾವಾಗಿ ನಿಲ್ಲಿಸುವ ಪ್ರಯತ್ನ ಮಾಡಲೇಬಾರದು. ಜೋಳಿಗೆಯ ಮುಂದೆ ಕೊಟ್ಟ ಮಾತಿಗೆ ದೊಡ್ಡ ಬಲವಿದೆ, ಆದರೆ ದೇಹ ಮದ್ಯಕ್ಕೆ ಒಗ್ಗಿಹೋಗಿದ್ದರೆ ಮಾತಿನ ಜೊತೆಗೆ ಡಾಕ್ಟರೂ ಬೇಕು.

ಆ ಅಪಾಯವಿಲ್ಲದವರು ಮನೆಯ ಮಾಮೂಲಿ ಡಾಕ್ಟರಿಂದಲೇ ಶುರು ಮಾಡಬಹುದು. ಕುಡಿಯುವ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 1994ರಲ್ಲೇ ಈ ಬಳಕೆಗಾಗಿ ಅನುಮತಿ ಸಿಕ್ಕಿದೆ. ಅದು ತಾನೇ ಚಟವಾಗುವ ಔಷಧಿಯಲ್ಲ. ಯಕೃತ್ತಿನ ತೊಂದರೆ ಇದ್ದರೆ, ಓಪಿಯಾಯ್ಡ್ ನೋವಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು, ಅಷ್ಟೆ. ಅಕ್ಯಾಂಪ್ರೊಸೇಟ್ ಇನ್ನೊಂದು. ಇಷ್ಟು ಸರಳ ಔಷಧಿ ಇದ್ದೂ ಎಷ್ಟೋ ಮಂದಿ ಕೇಳುವುದೇ ಇಲ್ಲ. ನೀವೇ ಹೆಸರು ಹೇಳಿ ಕೇಳಿ.

ಇನ್ನೂ ಹೆಚ್ಚು ಆಸರೆ ಬೇಕಾದರೆ ಇಂಟೆನ್ಸಿವ್ ಔಟ್‌ಪೇಷಂಟ್ ಕಾರ್ಯಕ್ರಮಗಳಿವೆ. ವಾರಕ್ಕೆ ಕನಿಷ್ಠ 9 ಗಂಟೆ, ಸಾಮಾನ್ಯವಾಗಿ ಮೂರು ದಿನ ಮೂರು ಮೂರು ಗಂಟೆ. ಸಂಜೆ ನಡೆಯುವ ಕಡೆ ಸೇರಿದರೆ ಕೆಲಸ ಬಿಡಬೇಕಿಲ್ಲ. ಗುಂಪುಗಳ ಪೈಕಿ 1935ರಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಉಚಿತ, ದೇವರ ಮೇಲಿನ ಭರವಸೆಯ ದಾರಿ. ಆ ಮಾತು ಒಗ್ಗದವರಿಗೆ ಸ್ಮಾರ್ಟ್ ರಿಕವರಿ ಇದೆ. ಎರಡೂ ಆನ್‌ಲೈನ್‌ನಲ್ಲೂ ನಡೆಯುತ್ತವೆ.

“ಅವರು ಒಪ್ಪೋದೇ ಇಲ್ಲ, ಏನು ಮಾಡೋದ್ರಿ?” ಎಂಬುದು ಹೆಂಡತಿಯರ, ತಾಯಂದಿರ ಪ್ರಶ್ನೆ. ಇದಕ್ಕೆ ಕ್ರಾಫ್ಟ್ ಎಂಬ ಪದ್ಧತಿಯಿದೆ, ಮನೆಯವರಿಗೇ ಕಲಿಸುವಂಥದ್ದು. ಕುಡಿದಾಗ ಜಗಳಕ್ಕಿಳಿಯದೆ ದೂರ ಸರಿಯುವುದು, ಕುಡಿಯದ ದಿನ ಜೊತೆಗೆ ಕೂತು ಊಟ ಮಾಡುವುದು, ಅವರು ಮೆತ್ತಗಾದ ಗಳಿಗೆ ನೋಡಿ ಚಿಕಿತ್ಸೆಯ ಮಾತು ತೆಗೆಯುವುದು, ಜೊತೆಗೆ ತನ್ನ ಜೀವನವನ್ನೂ ನೋಡಿಕೊಳ್ಳುವುದು. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮನೆಯವರು ಇದನ್ನು ಕಲಿತ ಕಡೆ ಒಲ್ಲೆ ಎನ್ನುತ್ತಿದ್ದವರಲ್ಲಿ ಶೇ 64ರಷ್ಟು ಮಂದಿ ಚಿಕಿತ್ಸೆಗೆ ಬಂದರು. ಎಲ್ಲರೂ ಸುತ್ತ ಕೂತು ಒಮ್ಮೆಲೇ ಎದುರಿಸಿ ಕೇಳುವ ಪದ್ಧತಿಯಲ್ಲಿ ಬಂದವರು ಶೇ 30 ಮಾತ್ರ. ಆದರೆ ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮೆತ್ತಗಿನ ಮಾತಿನ ಪ್ರಯೋಗಕ್ಕೆ ಕೂರಬೇಡಿ. ಕೌಟುಂಬಿಕ ಹಿಂಸೆಯ ಸಹಾಯವಾಣಿ 1-800-799-7233ಕ್ಕೆ ಫೋನ್ ಮಾಡಿ. ನೀವು ಯಾವ ವೀಸಾದ ಮೇಲೆ ಬಂದಿದ್ದರೂ ಕರೆ ಮಾಡಬಹುದು.

ಇನ್ನೊಂದು ಮಾತು. ‘ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ’ ಎಂಬ ಜಾಹೀರಾತು ಊರಿನ ಗೋಡೆಗಳ ಮೇಲೆ, ಪೇಪರಿನಲ್ಲಿ ನೋಡಿರುತ್ತೀರಿ. ಅಂಥ ಪುಡಿ ಸೂಟ್‌ಕೇಸಿನಲ್ಲಿ ಇಲ್ಲಿಗೂ ಬರುತ್ತದೆ. ಅದರಲ್ಲಿ ಏನಿದೆ ಎಂಬ ಖಾತ್ರಿಯಿಲ್ಲ. ಡೈಸಲ್ಫಿರಾಮ್ ಇದ್ದು, ತಿಳಿಯದೆ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಹೃದಯಕ್ಕೇ ಪೆಟ್ಟು ಬೀಳಬಹುದು. ದಯವಿಟ್ಟು ಬೇಡ.

ವೀಸಾಕ್ಕೆ ಅಂಜಿ ಚಿಕಿತ್ಸೆ ಮುಂದೂಡುವವರಿದ್ದಾರೆ. ಆದರೆ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದರೆ, ಶಿಕ್ಷೆಯಾಗುವ ಮೊದಲೇ ವೀಸಾ ರದ್ದಾಗಬಹುದು. 2015ರಿಂದ ಆ ನಿಯಮವಿದೆ. ಚಟ ಬಿಡಿಸುವ ಚಿಕಿತ್ಸೆಯ ದಾಖಲೆಗಳಿಗಾದರೋ ಫೆಡರಲ್ ಕಾನೂನಿನ ವಿಶೇಷ ಗೋಪ್ಯತೆಯಿದೆ. ಗ್ರೀನ್ ಕಾರ್ಡ್ ವೈದ್ಯಕೀಯ ತಪಾಸಣೆ ಹತ್ತಿರವಿದ್ದರೆ ವಕೀಲರನ್ನು ಕೇಳಿ, ಆದರೆ ಅದಕ್ಕಾಗಿ ಡಾಕ್ಟರನ್ನು ಬಿಡಬೇಡಿ.

ಕೂಟದವರಿಗೆ ನನ್ನದೊಂದು ಬೇಡಿಕೆ. ಪಾರ್ಟಿಗಳಲ್ಲಿ “ಒಂದು ಪೆಗ್ ತಗೊಳ್ರಿ, ಏನಾಗಲ್ಲ” ಎಂದು ಯಾರನ್ನೂ ಒತ್ತಾಯಿಸಬೇಡಿ. ಯಾಕೆ ಕುಡಿಯುವುದಿಲ್ಲ ಎಂದು ಕಾರಣವನ್ನೂ ಕೇಳಬೇಡಿ.

ಎಲ್ಲಿಂದ ಶುರು ಮಾಡುವುದು ತಿಳಿಯದಿದ್ದರೆ 1-800-662-4357ಕ್ಕೆ ಫೋನ್ ಮಾಡಿ. ಸರ್ಕಾರದ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಉಚಿತ. ನಿಮ್ಮ ಊರಿನ ಹತ್ತಿರದ ಕೇಂದ್ರಗಳನ್ನು ತಿಳಿಸುತ್ತಾರೆ. ಆಸ್ಪತ್ರೆಯಲ್ಲಿ ಕನ್ನಡ ದುಭಾಷಿ ಬೇಕೆಂದು ಕೇಳಿ, ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಊರಲ್ಲಿರುವ ಅಣ್ಣತಮ್ಮಂದಿರಿಗೆ, ಅಪ್ಪನಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಕೊಡಿ; 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟಗಳ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ.