ಸಂಘ ನಮ್ಮದು

ಚಿಕ್ಕಮಗಳೂರು ಜಿಲ್ಲೆಯ ನರಸಿಂಹರಾಜಪುರ ತಾಲ್ಲೂಕಿನಲ್ಲಿ ಕಡಹಿನಬೈಲು ಎಂಬ ಊರಿದೆ. ಮಲೆನಾಡಿನ ಇಂತಹ ಊರುಗಳಲ್ಲಿ ಮನೆಗಳು ಒತ್ತೊತ್ತಾಗಿರುವುದಿಲ್ಲ. ತೋಟದಾಚೆಗೊಂದು, ಗದ್ದೆಯೀಚೆಗೊಂದು ಎಂಬಂತೆ ಚದುರಿಕೊಂಡಿರುತ್ತವೆ. ಆದರೂ ಇಲ್ಲಿನ ಜನರು ಒಬ್ಬಂಟಿಗರಾಗಿ ಬದುಕಿದವರಲ್ಲ. ನಾಟಿಯ ಕಾಲದಲ್ಲಿ ಒಂದು ಮನೆಯವರು ಮತ್ತೊಂದು ಮನೆಯವರ ಗದ್ದೆಗೆ ದುಡಿಯಲು ಹೋಗುವುದು, ಅವರು ಇವರ ಗದ್ದೆಗೆ ಬಂದು ಆ ಋಣವನ್ನು ತೀರಿಸುವುದು ಮಲೆನಾಡಿನಲ್ಲಿ ಬಹುಕಾಲದಿಂದ ಬಂದ ರೂಢಿ. ಇದನ್ನು ಮುಯ್ಯಾಳು ಎನ್ನುತ್ತಾರೆ. ಇದರಲ್ಲಿ ಕೂಲಿಯಿಲ್ಲ, ಕಾಗದಪತ್ರವಿಲ್ಲ, ವಿಶ್ವಾಸವೊಂದೇ ಬಂಡವಾಳ. ದುಡಿಮೆಯ ಬದಲಿಗೆ ಹಣವನ್ನು ಹೀಗೆ ಒಬ್ಬರಿಗೊಬ್ಬರು ಒದಗಿಸಿಕೊಂಡರೆ ಅದೇ ಪತ್ತಿನ ಸಹಕಾರ ಸಂಘ. ಪತ್ತು ಎಂದರೆ ಸಾಲ ಕೊಡುವಷ್ಟು ನಂಬಿಕೆ ಎಂದೇ ಅರ್ಥ.

ಈ ಸಂಘಗಳು ಏಕೆ ಹುಟ್ಟಿದವು? ಹಿಂದೆ ರೈತನಿಗೆ ಬಿತ್ತನೆಗೆ ಹಣ ಬೇಕಾದಾಗ ಸಾಹುಕಾರನ ಮನೆಯ ಬಾಗಿಲೇ ಗತಿಯಾಗಿತ್ತು. ಬಡ್ಡಿ ಬೆಳೆಯುತ್ತಿತ್ತು, ಭೂಮಿ ಕೈಬಿಡುತ್ತಿತ್ತು. ಇದಕ್ಕೆ ಪರಿಹಾರವಾಗಿ 1904ರಲ್ಲಿ ಭಾರತದಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದಿತು. ಮರುವರ್ಷವೇ, 1905ರಲ್ಲಿ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಒಂದು ಸಂಘ ಸ್ಥಾಪನೆಯಾಯಿತು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂಬ ಕೀರ್ತಿ ಅದರದು. ಅದೇ ವರ್ಷ ಮೈಸೂರು ಸಂಸ್ಥಾನವೂ ಸಹಕಾರ ಸಂಘಗಳಿಗಾಗಿ ಶಾಸನವನ್ನು ಮಾಡಿತು. ಮುಂದೆ 1939ರಲ್ಲಿ ಮಲೆನಾಡಿನ ಅಡಿಕೆ ಬೆಳೆಗಾರರು ತಮ್ಮ ಫಸಲಿಗೆ ನ್ಯಾಯವಾದ ಬೆಲೆ ದೊರೆಯಲೆಂದು ಶಿವಮೊಗ್ಗದಲ್ಲಿ ಮಾರಾಟದ ಸಹಕಾರ ಸಂಘವನ್ನು ಕಟ್ಟಿಕೊಂಡರು. ಅದನ್ನು ಜನರು ಮ್ಯಾಮ್‌ಕೋಸ್ ಎಂದು ಕರೆಯುತ್ತಾರೆ.

ಹಿರಿಯರು ಕಟ್ಟಿದ ಸಂಘ ಅವರೊಡನೆ ಮುಗಿಯುವುದಿಲ್ಲ. ಮಕ್ಕಳು, ಮೊಮ್ಮಕ್ಕಳು ಅದರ ಸದಸ್ಯರಾಗುತ್ತಾರೆ. ಕಷ್ಟದ ನೆನಪಿಲ್ಲದ ಈ ಹೊಸ ಸದಸ್ಯರಿಗೆ ಸಹಕಾರದ ಮೌಲ್ಯಗಳನ್ನು ತಿಳಿಸುವುದು ಹೇಗೆ? ಅನೇಕ ಸಂಘಗಳ ಗೋಡೆಯ ಮೇಲೆ "ಎಲ್ಲರಿಗಾಗಿ ನಾನು, ನನಗಾಗಿ ಎಲ್ಲರು" ಎಂದು ಬರೆದಿರುತ್ತದೆ. ಮಾತು ದೊಡ್ಡದು. ಆದರೆ ಗೋಡೆಯ ಬರಹವನ್ನು ಓದಿ ಯಾರೂ ಸಹಕಾರಿಯಾಗುವುದಿಲ್ಲ. ಸಂಘವು ತನ್ನ ಸದಸ್ಯನೊಡನೆ ನಡೆದುಕೊಳ್ಳುವ ರೀತಿಯೇ ಅದರ ನಿಜವಾದ ಬೋಧನೆ.

ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಪಟ್ಟಣದಲ್ಲಿ 1844ರಲ್ಲಿ 28 ಮಂದಿ ಶ್ರಮಜೀವಿಗಳು ಸೇರಿ ಒಂದು ಸಣ್ಣ ಅಂಗಡಿ ತೆರೆದರು. ಅವರಲ್ಲಿ ನೇಕಾರರು ಅನೇಕರಿದ್ದರು. ಕಲಬೆರಕೆಯಿಲ್ಲದ ಪದಾರ್ಥ, ಸರಿಯಾದ ತೂಕ ಇವು ಅವರ ವ್ರತವಾಗಿದ್ದವು. ಸತ್ಯವೆಂಬ ಮೌಲ್ಯವನ್ನು ಅವರ ಸದಸ್ಯರು ತಕ್ಕಡಿಯಲ್ಲಿ ಕಂಡರು. ಮುಂದೆ ಆ ಸಂಘವು ಲಾಭದ ಒಂದು ಪಾಲನ್ನು ಸದಸ್ಯರ ಶಿಕ್ಷಣಕ್ಕೆಂದು ಮೀಸಲಿಟ್ಟಿತು. ಸದಸ್ಯರಿಗೆ ತಿಳಿವಳಿಕೆ ನೀಡುವುದು ಇಂದಿಗೂ ಜಗತ್ತಿನ ಸಹಕಾರ ತತ್ತ್ವಗಳಲ್ಲೊಂದು.

ಪತ್ತಿನ ಸಂಘಕ್ಕೂ ಇಂತಹ ತಕ್ಕಡಿಯುಂಟು. ಮಲೆನಾಡಿನ ಬೆಳೆಗಾರನು ಅಡಿಕೆಯ ಕೊಳೆರೋಗವನ್ನು ತಡೆಯಲು ಮಳೆ ಬಲಿಯುವ ಮುನ್ನವೇ ಗೊನೆಗಳಿಗೆ ಮೈಲುತುತ್ತ, ಸುಣ್ಣಗಳ ದ್ರಾವಣವನ್ನು ಸಿಂಪಡಿಸಬೇಕು. ಅದಕ್ಕೆ ಬೇಕಾದ ಸಾಲವು ಕೊಳೆ ತಗುಲಿದ ಮೇಲೆ ಕೈಸೇರಿದರೆ ಪ್ರಯೋಜನವೇನು? ಹೊತ್ತಿಗೆ ಸರಿಯಾಗಿ ಒದಗಿದ ಸಾಲವು ಕಾಳಜಿ ಎಂಬ ಮೌಲ್ಯವನ್ನು ಮಾತಿಲ್ಲದೆ ಹೇಳುತ್ತದೆ. ಸಾಲ ಕೊಡಲಾಗದಿದ್ದಾಗ ಅದರ ಕಾರಣವನ್ನು ಸದಸ್ಯನಿಗೆ ಅರ್ಥವಾಗುವಂತೆ ವಿವರಿಸಿದರೆ ಅದು ಗೌರವ. ಜಮಾಖರ್ಚಿನ ಲೆಕ್ಕವನ್ನು ಎಲ್ಲರೆದುರು ಓದಿದರೆ ಅದು ಪ್ರಾಮಾಣಿಕತೆ. ಹತ್ತು ಎಕರೆ ತೋಟದವನಿಗೂ ಹತ್ತು ಗುಂಟೆ ಗದ್ದೆಯವಳಿಗೂ ಸಂಘದ ಚುನಾವಣೆಯಲ್ಲಿ ಒಂದೊಂದೇ ಮತವಿರುವುದು ಸಮಾನತೆ. ಷೇರು ಎಷ್ಟಿದ್ದರೂ ಮತ ಒಂದೇ ಎಂಬ ಈ ನಿಯಮವನ್ನು ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959 ಕೂಡ ಎತ್ತಿಹಿಡಿದಿದೆ.

ಇಲ್ಲಿ ಒಂದು ಅಪಾಯವನ್ನೂ ಗಮನಿಸಬೇಕು. ಇಂದು ಸರ್ಕಾರವು ಬಡ್ಡಿಯ ಹೊರೆಯನ್ನು ತಾನು ಹೊತ್ತು ಸಂಘಗಳ ಮೂಲಕ ರೈತರಿಗೆ ಬೆಳೆಸಾಲವನ್ನು ಕೊಡಿಸುತ್ತಿದೆ. ಇದು ಉಪಕಾರವೇ ಸರಿ. ಆದರೆ ಇದರಿಂದ ಸಂಘವು ಸರ್ಕಾರದ ಹಣ ಹಂಚುವ ಕಚೇರಿಯೆಂಬ ಭಾವನೆ ಸದಸ್ಯನಲ್ಲಿ ಬೇರೂರಬಾರದು. ತಾನು ಯಜಮಾನನೆಂಬುದನ್ನು ಮರೆತು ಗಿರಾಕಿಯಂತೆ ವರ್ತಿಸುವ ಸದಸ್ಯನು ಲೆಕ್ಕವನ್ನು ಕೇಳುವುದಿಲ್ಲ, ಸಭೆಗೆ ಬರುವುದಿಲ್ಲ. ಕೇಳುವವರಿಲ್ಲದ ಕಡೆ ತಪ್ಪು ಲೆಕ್ಕ ನುಸುಳಲು ಬಹಳ ಕಾಲ ಬೇಕಾಗುವುದಿಲ್ಲ. ಆಗ ಮುಳುಗುವುದು ನೆರೆಹೊರೆಯವರು ಬೆವರು ಸುರಿಸಿ ಇಟ್ಟ ಠೇವಣಿ.

ಆದುದರಿಂದ ಮೌಲ್ಯಗಳ ಹೊಣೆ ಎರಡೂ ಕಡೆಗೆ ಇದೆ. ಸಂಘವು ತಿಳಿಸಬೇಕು, ಸದಸ್ಯನು ತಿಳಿಯಬೇಕು. ಸಾಲವನ್ನು ವಾಯಿದೆಗೆ ಸರಿಯಾಗಿ ಮರಳಿಸುವುದು ಅವನ ಮೊದಲ ಕರ್ತವ್ಯ. ತೀರಿಸಬಲ್ಲವನು ತೀರಿಸದೆ ಉಳಿದರೆ ನಷ್ಟವು ಕಾಣದ ಯಾರಿಗೋ ಆಗುವುದಿಲ್ಲ. ಜಾಮೀನು ನಿಂತ ನೆರೆಯವನಿಗೆ, ಮುಂದಿನ ಸರದಿಗಾಗಿ ಕಾದಿರುವ ಇನ್ನೊಬ್ಬ ರೈತನಿಗೆ ಆಗುತ್ತದೆ. ಮುಯ್ಯಿಗೆ ಆಳು ಪಡೆದು ತಿರುಗಿ ಹೋಗದವನ ಗದ್ದೆಗೆ ಮರುವರ್ಷ ಯಾರು ಬಂದಾರು?

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಸಹಕಾರ ಸಂಘದ ಸದಸ್ಯರಿರಬಹುದು. ವಾರ್ಷಿಕ ಮಹಾಸಭೆಯ ತಿಳಿವಳಿಕೆ ಪತ್ರವೂ ವರದಿಯೂ ಮನೆಗೆ ಬಂದಾಗ ಅವು ಮೂಲೆ ಸೇರಲು ಬಿಡಬೇಡಿ. ಓದುಬಾರದ ಅಜ್ಜಿಯಿದ್ದರೆ ಅವರ ಬಳಿ ಕುಳಿತು ಓದಿ ಹೇಳಿರಿ: ಠೇವಣಿ ಎಷ್ಟು, ಸಾಲ ಎಷ್ಟು, ವಸೂಲಿ ಎಷ್ಟು, ಲಾಭ ಯಾವುದಕ್ಕೆ ವಿನಿಯೋಗವಾಯಿತು. ಅವರು ಸಭೆಯಲ್ಲಿ ಎದ್ದುನಿಂತು ಒಂದು ಪ್ರಶ್ನೆ ಕೇಳುವಂತಾದರೆ ಆ ದಿನ ಸಂಘಕ್ಕೆ ಒಬ್ಬ ಯಜಮಾನಿ ದೊರೆತಂತಾಯಿತು.