ಜೋಡಿ ಕುಂತರೆ ಭಾರ ಕಡಿಮೆ

ಅಕ್ಕಲಕೋಟೆ ಕಡೆಯ ಒಬ್ಬ ತಾಯಿ. ಎಚ್‌ಐವಿ ಇದೆ ಎಂದು ತಿಳಿಯಿತು. ಆಕೆ ಮನೆಯಿಂದ ಹೊರಬರಲಿಲ್ಲ. ಗುಳಿಗೆಯನ್ನೂ ಬಿಟ್ಟಳು.

ಮಗಳು ಒತ್ತಾಯ ಮಾಡಿ ಸೊಲ್ಲಾಪುರಕ್ಕೆ ಕರೆದೊಯ್ದಳು. ಅಲ್ಲಿ ಎಚ್‌ಐವಿ ಗುಳಿಗೆ ಕೊಡುವ ಎಆರ್‌ಟಿ ಕೇಂದ್ರ ಇದೆ. ಪಾಳಿಯಲ್ಲಿ ಪಕ್ಕಕ್ಕೆ ಕುಂತಾಕೆ ಕೇಳಿದಳು:

“ಯಾಕ ಅಳ್ತೀಯವ್ವಾ? ನನಗೂ ಐತಿ. ಹತ್ತು ವರ್ಷ ಆತು. ದಿನಾ ಗುಳಿಗಿ ತಗೋತೀನಿ, ಹೊಲಕ್ಕ ಹೋಗ್ತೀನಿ.”

ತಾಯಿ ಮನಸ್ಸು ಬಿಚ್ಚಿ ಮಾತಾಡಿದಳು. ಆಮೇಲೆ ಗುಳಿಗೆ ತಪ್ಪಿಸಲಿಲ್ಲ.

ನೆನಪಿಡಿರಿ:
ಜೊತೆಗೆ ಕುಂತರೆ, ಉಂಡರೆ ಎಚ್‌ಐವಿ ಅಂಟುವುದಿಲ್ಲ.
ಸರ್ಕಾರಿ ಕೇಂದ್ರದಲ್ಲಿ ಗುಳಿಗೆ ಪುಕ್ಕಟೆ. ದಿನಾ ತಪ್ಪದೆ ನುಂಗಬೇಕು.
ನಂಬಿ ಹೇಳಿದ ಗುಟ್ಟನ್ನು ಒಪ್ಪಿಗೆ ಇಲ್ಲದೆ ಹೊರಗೆ ಹೇಳಬಾರದು. 2017ರ ಕಾಯ್ದೆಯೂ ಇದನ್ನೇ ಹೇಳುತ್ತದೆ.
ಮನಸ್ಸು ಭಾರವಾದರೆ 1097ಕ್ಕೆ ಫೋನ್ ಮಾಡಿರಿ. ದುಡ್ಡು ಬೀಳುವುದಿಲ್ಲ.

ಹೇಳಿರಿ: ನಿಮ್ಮ ಓಣಿಯಲ್ಲಿ ಒಬ್ಬರೇ ಕುಂತು ಅಳುವವರ ಪಕ್ಕಕ್ಕೆ ಯಾರು ಕೂಡಬೇಕು?