ಶಿಶುಗಳ ಸ್ವಾವಲಂಬನೆ

ಮಗುವಿಗೆ ಉಡಿಸುವುದು, ಉಣಿಸುವುದು, ಕೈಕಾಲು ತೊಳೆಯುವುದು ಇವೆಲ್ಲವೂ ವಾತ್ಸಲ್ಯದ ಕಾರ್ಯಗಳೆಂದು ನಾವು ಭಾವಿಸುತ್ತೇವೆ. ಶೈಶವದಲ್ಲಿ ಅದು ಯುಕ್ತವೇ ಸರಿ. ಆದರೆ ಮೂರು ವರ್ಷ ತುಂಬಿದ ಮಗು "ನಾನೇ ಮಾಡುತ್ತೇನೆ" ಎಂದು ಕೈಚಾಚಿದಾಗಲೂ ನಾವೇ ಅವಸರದಿಂದ ಆ ಕೆಲಸವನ್ನು ಮುಗಿಸಿಬಿಟ್ಟರೆ, ಅದು ಉಪಕಾರವೋ ಅಪಕಾರವೋ ಎಂಬುದನ್ನು ವಿಚಾರಿಸಬೇಕಾಗಿದೆ.

ಈ ವಿಷಯವನ್ನು ಆಳವಾಗಿ ಪರಿಶೀಲಿಸಿದವರಲ್ಲಿ ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿಯವರು ಪ್ರಮುಖರು. ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ 1907ರ ಜನವರಿ 6ರಂದು, ಕೂಲಿಕಾರರ ಮಕ್ಕಳಿಗಾಗಿ ಅವರ 'ಮಕ್ಕಳ ಮನೆ' ಆರಂಭವಾಯಿತು. ಮುಂದೆ 1939ರಲ್ಲಿ ಅವರು ನಮ್ಮ ದೇಶಕ್ಕೂ ಬಂದು, ಮದರಾಸಿನ ಅಡ್ಯಾರಿನಲ್ಲಿ ಶಿಕ್ಷಕರಿಗೆ ತರಬೇತಿ ನೀಡಿದರು.

ರೋಮಿನ ಆ ಶಾಲೆಯಲ್ಲಿ ಅವರು ಒಂದು ದಿನ, ಕರವಸ್ತ್ರದಿಂದ ಮೂಗನ್ನು ಸದ್ದಿಲ್ಲದೆ ಒರೆಸಿಕೊಳ್ಳುವ ಕ್ರಮವನ್ನು ಮಕ್ಕಳಿಗೆ ತೋರಿಸಿಕೊಟ್ಟರು. ಯಾವ ಮಗುವೂ ನಗಲಿಲ್ಲ; ಪಾಠ ಮುಗಿದೊಡನೆ ಎಲ್ಲರೂ ಚಪ್ಪಾಳೆ ತಟ್ಟಿದರು. ಮೂಗು ಸೋರುತ್ತಿದೆಯೆಂದು ಆ ಮಕ್ಕಳನ್ನು ಗದರಿಸಿದವರು ಹಲವರು, ಕಲಿಸಿದವರು ಯಾರೂ ಇರಲಿಲ್ಲ. ಸಣ್ಣ ಮಕ್ಕಳಿಗೂ ಮಾನವುಂಟೆಂಬುದು ಇದರಿಂದ ತಿಳಿಯುತ್ತದೆ.

ಅವರ ಕ್ರಮವನ್ನು ನಮ್ಮ ಮನೆಗಳಲ್ಲಿಯೂ ಅನುಸರಿಸಬಹುದು. ಬೆಳಗಿನ ಗಡಿಬಿಡಿಯಲ್ಲಿ ಬೇಡ, ಬಿಡುವಿನ ವೇಳೆಯಲ್ಲಿ ಕಲಿಸಬೇಕು. ಮಗುವಿನ ಕೈಗೆ ಒಗ್ಗುವ ಸಣ್ಣ ಚೆಂಬು, ಪುಟ್ಟ ಪೊರಕೆ ಇರಲಿ; ಆದರೆ ಅವು ಆಟಿಕೆಗಳಾಗದೆ ನಿಜವಾದ ವಸ್ತುಗಳಾಗಿರಲಿ. ಮೊದಲು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಕಾಳನ್ನು ಸುರಿಯಲಿ. ಕೈ ಪಳಗಿದ ಮೇಲೆ ನೀರನ್ನು ಸುರಿಯಲಿ. ಅಂಗಿಯ ದೊಡ್ಡ ಗುಂಡಿಗಳನ್ನು ಮೊದಲು ಹಾಕಿ, ಅನಂತರ ಸಣ್ಣವನ್ನು ಹಾಕಲಿ. ಮಾತು ಕಡಿಮೆ ಮಾಡಿ, ನಿಧಾನವಾಗಿ ಒಮ್ಮೆ ಮಾಡಿ ತೋರಿಸಿ, ಪಕ್ಕಕ್ಕೆ ಸರಿಯಬೇಕು. ನೀರು ಚೆಲ್ಲಿದರೆ ಬೈಯದೆ ಒರೆಸುವ ಬಟ್ಟೆಯನ್ನು ಕೊಡಬೇಕು. ಬೆಂಕಿ, ಬಿಸಿನೀರು, ಹರಿತವಾದ ಆಯುಧಗಳ ವಿಷಯದಲ್ಲಿ ಮಾತ್ರ ಹಿರಿಯರ ಕಾವಲು ಅವಶ್ಯಕ.

ಹಿರಿಯರು ನೆಲ ಒರೆಸುವುದು ನೆಲ ಶುಚಿಯಾಗಲೆಂದು. ಮಗುವಾದರೋ ಶುಚಿಯಾದ ಮಣೆಯನ್ನೇ ಮತ್ತೆ ಮತ್ತೆ ಒರೆಸುತ್ತದೆ. ಅದು ವ್ಯರ್ಥವಲ್ಲ, ಆ ಆವರ್ತನೆಯಿಂದಲೇ ಕೈಗೆ ಹಿಡಿತವೂ ಮನಸ್ಸಿಗೆ ಏಕಾಗ್ರತೆಯೂ ಬರುತ್ತವೆ. ಆದುದರಿಂದ ಅರ್ಧದಲ್ಲಿ ತಡೆಯಬಾರದು. ಮಗು ಮಡಿಸಿಟ್ಟ ಬಟ್ಟೆ ಸೊಟ್ಟಗಿದ್ದರೆ, ಅದರ ಕಣ್ಣೆದುರಿಗೇ ಬಿಚ್ಚಿ ಮತ್ತೆ ಮಡಿಸಲೂಬಾರದು. "ನಿನ್ನಿಂದಾಗದು" ಎಂದು ನಾವು ಬಾಯಲ್ಲಿ ಹೇಳದಿದ್ದರೂ ಆ ಕ್ರಿಯೆ ಅದನ್ನೇ ಹೇಳುತ್ತದೆ.

ಮಗುವಿಗೆ ಬೇಕಾದಷ್ಟು ಮಾತ್ರ ನೆರವಾಗಿ, ಉಳಿದುದನ್ನು ಅದಕ್ಕೇ ಬಿಟ್ಟು ತಾಳ್ಮೆಯಿಂದ ಕಾಯುವುದೂ ವಾತ್ಸಲ್ಯವೇ ಎಂಬುದನ್ನು ಮಾತಾಪಿತೃಗಳಾದ ನಾವು ಮನಗಾಣಬೇಕು.